ರೆಫರೆನ್ಸ್ ಪಟ್ಟಿಯಲ್ಲಿ ಹಾಲ್ಕುರಿಕೆ

ನನ್ನ ಹೆಂಡತಿಯ ಮೊದಲ ಜರ್ನಲ್ ಪೇಪರಿಗೆ ರೆಫರೆನ್ಸ್‌ಗಳನ್ನು ಜೋಡಿಸಿಕೊಟ್ಟವನು ನಾನು. ಆ ಕೆಲಸ ಮಾಡಿದಷ್ಟು ದಿನವೂ ಹೊಟ್ಟೆಯೊಳಗೆ ಒಂದು ಉರಿ ಇತ್ತು.

ನಾವಿಬ್ಬರೂ ಸಿವಿಲ್ ಓದಿದವರು, ಇಬ್ಬರೂ ಪಾಠ ಹೇಳುವವರು. ಅವಳು ಎಂಜಿನಿಯರಿಂಗ್ ಕಾಲೇಜಿನಲ್ಲಿ, ನಾನು ಡಿಪ್ಲೊಮಾ ಕಾಲೇಜಿನಲ್ಲಿ. ಮನೆ ತಿಪಟೂರಿನಲ್ಲಿ. ಪಿಎಚ್‌ಡಿಗೆ ಮೊದಲು ಸೇರಿದವನು ನಾನೇ. ತೆಂಗಿನ ನಾರು ಬೆರೆಸಿದ ಮಣ್ಣಿನ ಇಟ್ಟಿಗೆಯ ಮೇಲೆ ಕೆಲಸ ಶುರುಮಾಡಿ, ಒಂದು ಸಣ್ಣ ಸಮ್ಮೇಳನದಲ್ಲಿ ಪೇಪರನ್ನೂ ಓದಿದೆ. ಅಷ್ಟರಲ್ಲಿ ನನ್ನ ಗೈಡ್ ನಿವೃತ್ತರಾದರು. ಬೇರೆಯವರನ್ನು ಹುಡುಕುತ್ತೇನೆ ಹುಡುಕುತ್ತೇನೆ ಅನ್ನುತ್ತಲೇ ಕೈಬಿಟ್ಟೆ. ಆಮೇಲೆ ಅವಳು ಸೇರಿದಳು. ತೆಂಗಿನ ಚಿಪ್ಪನ್ನು ಚೂರುಮಾಡಿ ಜಲ್ಲಿಯ ಬದಲು ಹಾಕಿದರೆ ಕಾಂಕ್ರೀಟ್ ಎಷ್ಟು ಭಾರ ತಡೆಯುತ್ತದೆ ಎನ್ನುವುದು ಅವಳ ವಿಷಯ. ಚಿಪ್ಪು ಬರುತ್ತಿದ್ದದ್ದು ಹಾಲ್ಕುರಿಕೆಯಿಂದ. ಅದು ಅವಳ ತವರು. ಅಲ್ಲಿ ಮಾವನವರಿಗೆ ತೋಟವಿದೆ. ಕೊಬ್ಬರಿ ಸುಲಿಸಿದಾಗಲೆಲ್ಲ ಅವರು ಚಿಪ್ಪನ್ನು ಮೂಟೆಕಟ್ಟಿ ತಾವೇ ತಂದು ಇಳಿಸುತ್ತಿದ್ದರು.

ಮೊದಲ ಹಂತದ ಪ್ರಯೋಗ ಮುಗಿದು ಪೇಪರ್ ಬರೆದಾದ ಮೇಲೆ ಅವಳು ನನ್ನನ್ನು ಕೇಳಿದಳು. ರೆಫರೆನ್ಸ್ ಜೋಡಿಸುವ ಸಾಫ್ಟ್‌ವೇರ್ ನನಗೆ ಗೊತ್ತಿತ್ತು, ಬಿಟ್ಟುಹೋದ ಪಿಎಚ್‌ಡಿಯಿಂದ ಕೈಯಲ್ಲಿ ಉಳಿದದ್ದು ಅದೊಂದೇ. ಆಗಲಿ ಅಂದೆ. ಒಂದು ಭಾನುವಾರ ತಿಂಡಿ ಮುಗಿಸಿ ಕಂಪ್ಯೂಟರಿನ ಮುಂದೆ ಕೂತೆ.

ಪ್ರತಿ ಜರ್ನಲ್ಲಿಗೂ ಅದರದೇ ಮಡಿ ಮೈಲಿಗೆ ಇರುತ್ತದೆ. ಲೇಖಕರ ಹೆಸರಿನ ಅಕ್ಷರ ಮುಂದೆಯೋ ಹಿಂದೆಯೋ, ಜರ್ನಲ್ಲಿನ ಹೆಸರು ಪೂರ್ತಿಯೋ ಮೊಟಕೋ, ಸಂಪುಟದ ಸಂಖ್ಯೆ ದಪ್ಪಗಿರಬೇಕೋ ಬೇಡವೋ, ಎಲ್ಲವನ್ನೂ ಅವರು ಹೇಳಿದಂತೆಯೇ ಮಾಡಬೇಕು. ಅದು ನನಗೆ ಬೇಸರದ ಕೆಲಸವಲ್ಲ. ಆದರೆ ನಾಲ್ಕಾರು ರೆಫರೆನ್ಸ್ ದಾಟುವಷ್ಟರಲ್ಲಿ ಕೈ ನಿಧಾನವಾಯಿತು. ಮಲೇಷ್ಯಾದವರ ಪೇಪರು, ಬ್ರೆಜಿಲ್‌ನವರದು, ಕೇರಳದ ಇಬ್ಬರದು, ಎಲ್ಲವೂ ನನ್ನ ಫೋಲ್ಡರಿನಿಂದ ಹೋದವು. ನನ್ನ ಥೀಸಿಸ್ಸಿಗೆ ಅಂತ ನಾರು ಚಿಪ್ಪು ಎನ್ನದೆ ಒಂದೊಂದಾಗಿ ಹುಡುಕಿ, ಓದಿ, ಹಳದಿ ಗೆರೆ ಎಳೆದು ಇಟ್ಟುಕೊಂಡಿದ್ದವು. ತಗೋ ಅಂತ ಅವಳಿಗೆ ಕೊಟ್ಟವನೂ ನಾನೇ. ಈಗ ಅವು ಅವಳ ವಾಕ್ಯಗಳ ಕೊನೆಯಲ್ಲಿ ಚೌಕ ಕಂಸದೊಳಗೆ ಬರೀ ಸಂಖ್ಯೆಗಳಾಗಿ ಕೂತಿದ್ದವು. ನನ್ನ ಎಮ್ಮೆಗಳನ್ನೆಲ್ಲ ಬೇರೆ ಯಾರದೋ ಕೊಟ್ಟಿಗೆಯಲ್ಲಿ ನೋಡಿದ ಹಾಗಾಯಿತು.

ಪೇಪರ್ ಕಳಿಸುವ ಪುಟ ತುಂಬುವಾಗ ಜಗಳವಾಯಿತು. ಅಲ್ಲಿ ಲೇಖಕರ ಹೆಸರು ಒಂದು ಕಡೆ, ಮನೆತನದ ಹೆಸರು ಇನ್ನೊಂದು ಕಡೆ ಬರೆಯಬೇಕು. ನಮ್ಮ ಕಡೆಯವರಿಗೆ ಮನೆತನದ ಹೆಸರು ಎಲ್ಲಿಂದ ಬರಬೇಕು? ಹೆಸರಿನ ಮುಂದೆ ಎರಡು ಅಕ್ಷರ, ಒಂದು ಊರಿನದು, ಒಂದು ಅಪ್ಪನದು. ಆದರೆ ಮುಂದೆ ಯಾರೇ ಆ ಪೇಪರನ್ನು ಉಲ್ಲೇಖಿಸಿದರೂ ಪೂರ್ತಿಯಾಗಿ ಅಚ್ಚಾಗುವುದು ಆ ಮನೆತನದ ಹೆಸರೊಂದೇ. ಸ್ವಂತ ಹೆಸರು ಒಂದು ಅಕ್ಷರವಾಗಿ ಪಕ್ಕಕ್ಕೆ ಸರಿಯುತ್ತದೆ. ಅವಳು ನನ್ನ ಹೆಸರು ಹಾಕುತ್ತಾಳೆ ಅಂದುಕೊಂಡಿದ್ದೆ. ಪಾಸ್‌ಪೋರ್ಟಿನಲ್ಲಿ ಹಾಗೇ ಇತ್ತು. ಅವಳು ಬಗ್ಗಿ, ತೋರುಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿ, ಹಾಲ್ಕುರಿಕೆ ಅಂತ ಬರೆದಳು.

ನಾನು ಸುಮ್ಮನಿರಬೇಕಿತ್ತು, ಆಗಲಿಲ್ಲ. ‘ನನ್ನ ಹೆಸ್ರು ಹಾಕಿದ್ರೆ ಏನಾಗ್ತಿತ್ತೇ?’ ಅಂದೆ.

‘ಏನೂ ಆಗ್ತಿರ್ಲಿಲ್ಲ. ನೀವು ಒಂದಿನ ಲ್ಯಾಬಿಗೆ ಬಂದು ಕಾಂಕ್ರೀಟ್ ಕಲ್ಸಿದ್ರೆ ಹಾಕ್ತಿದ್ದೆ ಕಣ್ರೀ’ ಅಂದಳು. ದನಿ ಏರಿಸಲಿಲ್ಲ. ತಾನು ಹಿಂದೆ ಒಂದು ಸಮ್ಮೇಳನಕ್ಕೆ ಕಳಿಸಿದ್ದ ಪೇಪರಿನಲ್ಲೂ ಊರಿನ ಹೆಸರೇ ಇದೆ, ಈಗ ಬದಲಾಯಿಸಿದರೆ ಇಬ್ಬರು ಬೇರೆ ಬೇರೆ ಹೆಂಗಸರು ಅಂದುಕೊಳ್ಳುತ್ತಾರೆ ಅಂತ ವಿವರಿಸಿ ಒಳಗೆ ಹೋದಳು. ಅವಳು ಹೇಳಿದ್ದು ಸರಿ. ಅದಕ್ಕೇ ಇನ್ನಷ್ಟು ಕೋಪ ಬಂತು.

ಮುಂದಿನ ಸಲ ಚಿಪ್ಪಿನ ಮೂಟೆ ತಂದಾಗ ಮಾವನವರಿಗೆ ಈ ಸುದ್ದಿ ತಿಳಿಯಿತು. ಊರಿನ ಹೆಸರು ಫಾರಿನ್ನಿನ ಪುಸ್ತಕದಲ್ಲಿ ಬರುತ್ತದೆ ಎಂದು ಮಗಳು ಹೇಳಿದಾಗ ಅವರು ಕಾಫಿ ಲೋಟ ಕೆಳಗಿಟ್ಟರು. ಆ ಮುಖ ನೋಡಿ ನಾನೂ ನಕ್ಕೆ. ಆಗ ಅವರು ನನ್ನ ಕಡೆ ತಿರುಗಿ, ತುಂಬ ಮರ್ಯಾದೆಯಿಂದಲೇ ಕೇಳಿದರು: ‘ಅಳಿಯಂದ್ರೇ, ನಿಮ್ ಹೆಸ್ರೂ ಬತ್ತದಾ ಅದ್ರಲ್ಲಿ?’

‘ಇಲ್ಲ ಮಾವ’ ಅಂದೆ. ‘ಬುಡಿ, ಮುಂದ್ಲ ಸಲಕ್ಕೆ ಬರ್ಲಿ’ ಅಂತ ಸಮಾಧಾನ ಹೇಳಿದರು. ಮೂಟೆ ಹೊತ್ತುಕೊಂಡು ಹಿತ್ತಿಲಿಗೆ ಹೋದೆ.

ಆ ಜರ್ನಲ್ಲಿನವರು ಪೇಪರನ್ನು ವಾಪಸು ಕಳಿಸಿದರು. ತಮ್ಮ ವ್ಯಾಪ್ತಿಗೆ ಬರುವುದಿಲ್ಲವಂತೆ. ಸತ್ಯ ಹೇಳಬೇಕೆಂದರೆ ಅವತ್ತು ನನ್ನ ಎದೆ ಸ್ವಲ್ಪ ಹಗುರಾಯಿತು. ಅವಳು ಅಡುಗೆಮನೆಯಲ್ಲಿ ಕಾಯಿ ತುರಿಯುತ್ತ ಅಳುತ್ತಿದ್ದದ್ದನ್ನು ಕಂಡಾಗ ಆ ಹಗುರ ಹೋಯಿತು.

ಅವಳ ಗೈಡ್ ಇನ್ನೊಂದು ಜರ್ನಲ್ ಸೂಚಿಸಿದರು. ಅಲ್ಲಿ ಚೌಕ ಕಂಸದ ಸಂಖ್ಯೆ ನಡೆಯದು. ವಾಕ್ಯದೊಳಗೇ ಲೇಖಕರ ಹೆಸರು ಮತ್ತು ಇಸವಿ ಕೊಡಬೇಕು, ಕೊನೆಯ ಪಟ್ಟಿ ಅಕ್ಷರದ ಕ್ರಮದಲ್ಲಿರಬೇಕು. ಮತ್ತೆ ನಾನೇ ಕೂತೆ. ಮೊದಲು ಬರೀ ಸಂಖ್ಯೆಯಾಗಿದ್ದ ಅವಳ ಸಮ್ಮೇಳನದ ಪೇಪರು ಈಗ ಪುಟಪುಟದಲ್ಲೂ ಹಾಲ್ಕುರಿಕೆ, ಹಾಲ್ಕುರಿಕೆ ಅಂತ ಎದ್ದು ನಿಂತಿತು. ಸಾಫ್ಟ್‌ವೇರ್ ಒಂದೆರಡು ಕಡೆ ಚೀನೀ ಲೇಖಕರ ಹೆಸರನ್ನು ತಿರುವುಮುರುವು ಮಾಡಿತ್ತು; ಅವನ್ನು ಕೈಯಲ್ಲಿ ತಿದ್ದಿದೆ. ತಿದ್ದುತ್ತ ತಿದ್ದುತ್ತ, ನನ್ನ ಹೆಸರು ಈ ಪಟ್ಟಿಯಲ್ಲಿ ಎಲ್ಲಿ ಬರುತ್ತಿತ್ತು ಅಂತ ನೋಡಿದೆ. ಕೇರಳದವರ ಕೆಳಗೆ ಬರುತ್ತಿತ್ತು.

ಕೊನೆಗೆ ನಾನೇ ಬಾಯಿಬಿಟ್ಟು ಕೇಳಿದೆ. ನನ್ನ ನಾರಿನ ಇಟ್ಟಿಗೆಯ ಪೇಪರನ್ನೂ ಒಂದು ಕಡೆ ಸೇರಿಸಬಹುದಲ್ಲ, ಅದೂ ತೆಂಗಿನದೇ ತಾನೆ ಅಂದೆ. ಅವಳು ನಗಲಿಲ್ಲ. ಅದನ್ನು ಪ್ರಿಂಟ್ ತೆಗೆಸಿಕೊಂಡು ಬಂದು ನಡುಮನೆಯಲ್ಲಿ ಕೂತು ಮೊದಲಿಂದ ಕೊನೆಯವರೆಗೆ ಓದಿದಳು. ನಾನು ಬಟ್ಟೆ ಒಣಹಾಕುವ ನೆಪದಲ್ಲಿ ಆಚೆ ಈಚೆ ಓಡಾಡುತ್ತಿದ್ದೆ.

‘ಚೆನ್ನಾಗಿದೆ ರೀ. ಆದ್ರೆ ನನ್ನ ಕೆಲ್ಸಕ್ಕೆ ಸಂಬಂಧ ಇಲ್ಲ, ಸೇರಿಸಕ್ಕಾಗಲ್ಲ’ ಅಂದಳು. ಆಮೇಲೆ ಒಂದು ಕೋಷ್ಟಕದ ಮೇಲೆ ಬೆರಳಿಟ್ಟು ಕೇಳಿದಳು: ‘ನಾರು ನೀರು ಕುಡಿದ್ಮೇಲೆ ಇಟ್ಟಿಗೆ ಏನಾಯ್ತದೆ ಅಂತ ನೀವು ನೋಡೇ ಇಲ್ವಲ್ಲ. ಯಾಕೆ ನಿಲ್ಲಿಸ್ಬಿಟ್ರಿ?’

ಆ ಪೇಪರ್ ಬಂದಾಗಿನಿಂದ ಯಾರೂ ನನಗೆ ಅದರ ಬಗ್ಗೆ ಪ್ರಶ್ನೆ ಕೇಳಿರಲಿಲ್ಲ. ಸಮ್ಮೇಳನದಲ್ಲೂ ಚಪ್ಪಾಳೆ ತಟ್ಟಿ ಊಟಕ್ಕೆ ಎದ್ದಿದ್ದರು. ಕೈಯಲ್ಲಿದ್ದ ಒದ್ದೆ ಟವೆಲ್ಲನ್ನೇ ಮಡಿಸುತ್ತ ನಿಂತೆ.

ಅವಳ ಪೇಪರ್ ಒಪ್ಪಿಗೆಯಾಗಿ ಪ್ರಕಟವಾಯಿತು. ಕೆಲವು ತಿಂಗಳಿಗೆ ಇಂಡೋನೇಷ್ಯಾದ ಯಾರೋ ಅದನ್ನು ಉಲ್ಲೇಖಿಸಿದರು. ಅವಳು ಕಾಲೇಜಿನಿಂದಲೇ ಫೋನ್ ಮಾಡಿ, ತನ್ನನ್ನು ಇಂಗ್ಲಿಷಿನಲ್ಲಿ ‘ಹಿ’ ಅಂತ ಬರೆದಿದ್ದಾರೆ, ಹಾಲ್ಕುರಿಕೆ ಎಂಬ ಗಂಡಸು ಬರೆದದ್ದು ಅಂದುಕೊಂಡಿದ್ದಾರೆ ಅಂತ ನಕ್ಕಳು. ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ಆ ಪೇಪರನ್ನು ತೆರೆದು, ಅವಳ ರೆಫರೆನ್ಸ್ ಸರಿಯಾಗಿ ಬಂದಿದೆಯೇ ಅಂತ ನೋಡಿದೆ. ಬಂದಿತ್ತು. ಹೊಟ್ಟೆಯಲ್ಲಿ ಅದೇ ಉರಿ, ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿರಲಿಲ್ಲ.

ಅವತ್ತು ಸಂಜೆ ಮಾವನವರಿಗೆ ಫೋನ್ ಮಾಡಿ, ಮುಂದಿನ ಸಲ ಬರುವಾಗ ಚಿಪ್ಪಿನ ಜೊತೆ ಒಂದಷ್ಟು ನಾರನ್ನೂ ತನ್ನಿ ಎಂದು ಕೇಳಿದೆ. ಯಾರಿಗೆ ಎಂದರು. ನನಗೇ ಅಂದೆ. ಈಗ ನಮ್ಮ ಬಚ್ಚಲುಮನೆಯ ಎರಡು ಬಕೆಟ್ಟುಗಳಲ್ಲಿ ನಾರು ನೆನೆಯುತ್ತಿದೆ. ಸ್ನಾನಕ್ಕೆ ಜಾಗವಿಲ್ಲ ಅಂತ ಅವಳು ಬೆಳಿಗ್ಗೆ ಬೆಳಿಗ್ಗೆ ಗೊಣಗುತ್ತಾಳೆ.