ಕೊಟ್ರಪ್ಪನ ಬೋರ್ಡು

ಪೀಣ್ಯ ಎರಡನೇ ಹಂತದಲ್ಲಿ ಕೊಟ್ರಪ್ಪನ ಮೋಟಾರ್ ರಿಪೇರಿ ಅಂಗಡಿ ಹುಡುಕುವುದು ಸುಲಭ. ಅಂಗಡಿಯ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ‘ನಮ್ಮ ಜಾಯಿಂಟ್ ನೀರು ಕುಡಿಯುವುದಿಲ್ಲ’ ಎಂದು ಬೋರ್ಡು ಬರೆಸಿದ್ದ. ಕೊಟ್ಟೂರು ಕಡೆಯಿಂದ ಬಂದು ಇಪ್ಪತ್ತೆರಡು ವರ್ಷ ಅವನು ಮಾಡಿದ್ದು ಅದೇ ಕೆಲಸ: ಬೋರ್‌ವೆಲ್ಲಿಗೆ ಇಳಿಸುವ ಮೋಟಾರಿನ ವೈರುಗಳನ್ನು ನೀರು ನುಗ್ಗದಂತೆ ಜೋಡಿಸುವುದು. ಸಾವಿರ ಅಡಿ ಆಳದಿಂದ ಅವನ ಒಂದು ಜಾಯಿಂಟೂ ಕೆಟ್ಟು ಮೇಲೆ ಬಂದಿಲ್ಲ ಎಂದು ಇಡೀ ಪೀಣ್ಯ ಹೇಳುತ್ತಿತ್ತು. ಮೊದಲು ಹೇಳಿದವನು ಅವನೇ ಇರಬೇಕು.

ನಾನು ಅವನ ಬಳಿ ಹೋದದ್ದು ೨೦೧೧ರಲ್ಲಿ. ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಇನ್‌ಸ್ಪೆಕ್ಟರ್ ಆಗಿ ಬೇರೆಯವರ ತಪ್ಪು ಹುಡುಕಿ ನಿವೃತ್ತನಾಗಿದ್ದೆ. ಇನ್ನು ಹುಡುಕಲು ಹೆಂಡತಿ ಪ್ರಭಾ ಒಬ್ಬಳೇ ಉಳಿದಿದ್ದಳು, ಅವಳಲ್ಲಿ ಹುಡುಕಿದರೆ ಊಟ ಸಿಗುತ್ತಿರಲಿಲ್ಲ. ಹಾಗಾಗಿ ಪಿವಿಸಿ ಪೈಪು, ಮೂರು ಪುಟ್ಟ ಮೋಟಾರು, ಒಂದು ಕ್ಯಾಮೆರಾ ಸೇರಿಸಿ ನೀರೊಳಗೆ ಓಡುವ ಗಾಡಿ ಕಟ್ಟಿದೆ. ನಮ್ಮ ಬಡಾವಣೆಯ ನೆಲದಡಿಯ ನೀರಿನ ಸಂಪು ಎಲ್ಲೋ ಸೋರುತ್ತಿತ್ತು. ಖಾಲಿ ಮಾಡದೆಯೇ ಬಿರುಕು ತೋರಿಸುತ್ತೇನೆಂದು ಸಂಘದ ಅಧ್ಯಕ್ಷ ಆಂಜಿನಪ್ಪನಿಗೆ ಮಾತು ಕೊಟ್ಟುಬಿಟ್ಟೆ. ಮನೆಯ ಡ್ರಮ್ಮಿನಲ್ಲಿ ಗಾಡಿ ಎರಡು ಸಲ ನೀರು ಕುಡಿದು ಕೆಟ್ಟಿತು.

“ಮೂರನೇ ಸಲ ಕೆಟ್ರೆ ಗುಜರಿಗೆ ಕಣ್ರೀ,” ಎಂದಳು ಪ್ರಭಾ.

ಕೊಟ್ರಪ್ಪ ಗಾಡಿಯನ್ನು ತಿರುಗಿಸಿ ನೋಡಿದ. “ನೀರು ಕಳ್ಳ ಇದ್ದಂಗ್ರೀ ಸಾರ್. ಬಾಗಿಲಿಗೆ ಬರಂಗಿಲ್ಲ, ಸಂದಿ ಹುಡಕ್ತೈತಿ.” ವೈರು ಬೆಸೆದು, ಅಂಟು ಹಿಡಿಯಲೆಂದು ಹೊರಗಿನ ರಬ್ಬರನ್ನು ಉಪ್ಪುಕಾಗದದಲ್ಲಿ ಉಜ್ಜಿ, ಸ್ಪಿರಿಟ್ಟಿನಲ್ಲಿ ಒರೆಸಿದ. ಇನ್ನು ಪೈಪಿನ ಮುಚ್ಚಳದೊಳಗೆ ಕೂರಿಸಿ ಕಪ್ಪು ಅಂಟು ಸುರಿದರೆ ಕಲ್ಲಿನಂತೆ ಗಟ್ಟಿಯಾಗುತ್ತದೆ. “ಅಂಟು ಕಲಸ್ಕೊಂಡು ಬರ್ತೀನಿ. ಅಲ್ಲೀತನ ಬೆರಳು ಸೈತ ಹಚ್ಚಬ್ಯಾಡ್ರಿ,” ಎಂದು ಒಳಗೆ ಹೋದ.

ನಾನು ಬೆರಳು ಹಚ್ಚಿದೆ. ಮೂವತ್ತು ವರ್ಷ ಪ್ರಭಾಳ ಪೂಜೆಯನ್ನು ಗೇಲಿ ಮಾಡಿದವನು, ಅವಳದೇ ಡಬ್ಬಿಯಿಂದ ಕದ್ದು ತಂದ ಕುಂಕುಮವನ್ನು ಜೇಬಿನಿಂದ ತೆಗೆದು ಮೂರು ಜಾಯಿಂಟಿನ ಕೆಳಬದಿಗೂ ದಪ್ಪಗೆ ಬಳಿದೆ. ಗುಜರಿಯ ಭಯ ಯಾರನ್ನು ಬಿಟ್ಟಿದೆ! ಕೊಟ್ರಪ್ಪ ಬಂದು ಅಂಟು ಸುರಿದ. ಎಲ್ಲ ಕಪ್ಪಾಯಿತು.

ಅಂಗಡಿಯ ಬಕೀಟಿನಲ್ಲಿ ಗಾಡಿ ಪಾಸಾಯಿತು. ಆದರೆ ಒಂದಡಿ ನೀರು ಬೇರೆ, ಹನ್ನೆರಡಡಿ ನೀರು ಬೇರೆ. ಭಾನುವಾರ ಪ್ರಭಾ, ಕೊಟ್ರಪ್ಪ, ಬಡಾವಣೆಯ ಜನರೆಲ್ಲ ಸಂಪಿನ ಸುತ್ತ ನಿಂತಿದ್ದಾಗ, ತಳ ಮುಟ್ಟಿದ ಗಾಡಿ ಎರಡು ಗಿರಕಿ ಹೊಡೆದು ಸುಮ್ಮನಾಯಿತು.

“ಬಿರುಕು ಸಿಕ್ತಾ, ಸುಬ್ರಹ್ಮಣ್ಯ ಸಾರ್?” ಎಂದು ಆಂಜಿನಪ್ಪ ಕೇಳಿದ.

ಕೊಟ್ರಪ್ಪ ಗಾಡಿಯನ್ನು ಹಗ್ಗದಿಂದ ಮೇಲೆಳೆದು ಬ್ಲೇಡಿನಲ್ಲಿ ಅಂಟು ಬಿಡಿಸಿದ. ಪುಡಿಯ ಮೇಲೆ ಅಂಟು ಹಿಡಿದಿರಲಿಲ್ಲ, ಆ ಸಂದಿಯಲ್ಲೇ ನೀರು ನುಗ್ಗಿತ್ತು. ಅವನ ಹೆಬ್ಬೆರಳು ಕೆಂಪಾದದ್ದನ್ನು ಕಂಡೆ. ಅವನು ನನ್ನನ್ನು ನೋಡಿದ, ಪ್ರಭಾಳನ್ನು ನೋಡಿದ, ಮುಷ್ಟಿ ಮುಚ್ಚಿದ.

“ತಪ್ಪು ನಂದ್ರೀ. ಸರಿಯಾಗಿ ಉಜ್ಜಿಲ್ಲ.”

ಬಾಯಿ ಬಿಟ್ಟರೆ ಮೂವತ್ತು ವರ್ಷದ ಗೇಲಿಯನ್ನೆಲ್ಲ ಪ್ರಭಾಳ ಮುಂದೆ ನಾನು ನುಂಗಬೇಕಿತ್ತು. ಸುಮ್ಮನಿದ್ದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಮರುದಿನ ಅಂಗಡಿಗೆ ಹೋದರೆ ಕೊಟ್ರಪ್ಪ ಸ್ಟೂಲು ಹತ್ತಿ ಬೋರ್ಡಿಗೆ ಬಿಳಿ ಬಣ್ಣ ಬಳಿಯುತ್ತಿದ್ದ. ‘ನಮ್ಮ ಜಾಯಿಂಟ್’ ಎಂಬುದಷ್ಟೇ ಉಳಿದಿತ್ತು.

“ಕುಂಕುಮ ಹಚ್ಚಿದ್ದು ನಾನು ಅಂತ ಗೊತ್ತಿತ್ತಲ್ಲಯ್ಯಾ, ಮತ್ತೆ ಇದ್ಯಾಕೆ?”

“ಮಂದಿ ಮುಂದ ತಪ್ಪು ನಂದು ಅಂದೀನ್ರಿ ಸಾರ್. ಇನ್ನ ಬೋರ್ಡ್ ಸುಳ್ಳು ಹೇಳಬಾರ್ದು.”

ಅವನ ಕೈಯಿಂದ ಬ್ರಷ್ ಕಿತ್ತುಕೊಂಡೆ. ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮನೆಗೆ ಕರೆತಂದೆ. ಆಂಜಿನಪ್ಪನನ್ನೂ ಕರೆಸಿ, ಮೂವರ ಮುಂದೆ ನಡೆದದ್ದನ್ನೆಲ್ಲ ಹೇಳಿದೆ. ಆಂಜಿನಪ್ಪ ನಕ್ಕು ನಕ್ಕು ಪಂಚೆಯ ಮೇಲೆ ಕಾಫಿ ಚೆಲ್ಲಿಕೊಂಡ. ಪ್ರಭಾ ನಗಲಿಲ್ಲ.

“ಮೂವತ್ತು ವರ್ಷಕ್ಕೆ ಒಂದ್ಸಲ ದೇವರನ್ನ ನೆನೆಸ್ಕೊಂಡ್ರಿ. ಎಲ್ಲಿ ಹಚ್ಬೇಕು ಅಂತ ನನ್ನಾದ್ರೂ ಕೇಳ್ಬಾರ್ದಿತ್ತಾ?”

ಗಾಡಿ ಗುಜರಿಗೆ ಹೋಗಲಿಲ್ಲ. ಮುಂದಿನ ವಾರ, ಅದೇ ಮಾತನ್ನು ಹೊಸದಾಗಿ ಬರೆಸಿದ ಬೋರ್ಡಿನ ಕೆಳಗೆ ಕೊಟ್ರಪ್ಪ ಮತ್ತೆ ವೈರು ಬೆಸೆದು, ಉಜ್ಜಿ, ಒರೆಸಿದ. ಅಂಟು ಕಲಸಲು ಎದ್ದವನು ಬಾಗಿಲಲ್ಲೇ ನಿಂತ.

“ಸಾರ್, ಮೊದ್ಲು ಜೇಬು ತೋರಸ್ರಿ.”

ಮೂವತ್ತೆರಡು ವರ್ಷ ಕಾರ್ಖಾನೆಯವರನ್ನೆಲ್ಲ ತಪಾಸಣೆ ಮಾಡಿದವನು, ಎರಡೂ ಜೇಬನ್ನು ಹೊರಗೆಳೆದು ತೋರಿಸಿದೆ.