ಎಡರೆಕ್ಕೆಯ ದಬ್ಬೆ

ಲೊಕ್ಕನಹಳ್ಳಿಯ ಗುಡ್ಡದ ಬುಡದ ರಾಗಿ ಹೊಲದಲ್ಲಿ ಅಜ್ಜಿಯೊಬ್ಬರು ನನ್ನ ಗ್ಲೈಡರನ್ನು ಮಡಿಲಲ್ಲಿಟ್ಟುಕೊಂಡು, ಮುರಿದ ಎಡರೆಕ್ಕೆಗೆ ಬಿದಿರಿನ ದಬ್ಬೆ ಕಟ್ಟುತ್ತಿದ್ದರು, ಕಾಲು ಮುರಿದ ಕರುವಿಗೆ ಕಟ್ಟುವ ಹಾಗೆಯೇ.

ಎಪ್ಪತ್ತರ ದಶಕದ ಮಾತು. ಎಂಜಿನ್ ಇಲ್ಲದೆ, ಗುಡ್ಡಕ್ಕೆ ಬಡಿದು ಮೇಲೇರುವ ಗಾಳಿಯಲ್ಲೇ ತೇಲುವ ಆ ಪುಟ್ಟ ಗ್ಲೈಡರನ್ನು ನಾನೇ ನಕ್ಷೆ ಬರೆದು ಕಟ್ಟಿದ್ದೆ. ಮೊದಲ ಹಾರಾಟದಲ್ಲೇ ಅದು ನೆಲದಿಂದಲೇ ಅದನ್ನು ನಡೆಸಲು ನನ್ನ ಕೈಯಲ್ಲಿದ್ದ ರೇಡಿಯೋ ಪೆಟ್ಟಿಗೆಯ ಮಾತು ಕೇಳದೆ ಬಿದ್ದಿತ್ತು. ಇನ್ನು ಇದರ ಸಹವಾಸ ಸಾಕು ಎಂದುಕೊಂಡೇ ಗುಡ್ಡ ಇಳಿದಿದ್ದೆ.

“ಅಜ್ಜಿ, ಅದು ಹಕ್ಕಿಯಲ್ಲ, ಬರೀ ಮರ,” ಎಂದೆ.

“ನಂಗೇನು ಕಣ್ಣಿಲ್ವಾ ಸಾ? ಮರ ಅಂತ ಗೊತ್ತು. ಮುರಿದ್ಮೇಲೆ ಕಟ್‌ಬ್ಯಾಡ್ವಾ? ಇಡ್ಕಳಿ ಇತ್ತ, ಸುಮ್ನೆ ನಿಂತವ್ರೆ!”

ದಾರದ ತುದಿ ಹಿಡಿದುಕೊಂಡೆ. ದಬ್ಬೆಯ ಮೇಲೆ ಅರಿಶಿನವನ್ನೂ ಹಚ್ಚಿದರೆಂದು ನೆನಪು. ಅದು ನೆನಪಿಗೆ ನಾನೇ ಆಮೇಲೆ ಬಳಿದುಕೊಂಡ ಬಣ್ಣವೂ ಆಗಿರಬಹುದು.

ಮನೆಯಲ್ಲಿ ಬೆರಳ ಮೇಲೆ ತೂಗಿ ನೋಡಿದರೆ, ದಬ್ಬೆಯ ಭಾರಕ್ಕೆ ಗ್ಲೈಡರ್ ಎಡಕ್ಕೆ ವಾಲುತ್ತಿತ್ತು. ಬಿಚ್ಚಲು ಮನಸ್ಸಾಗಲಿಲ್ಲ. ಚೆನ್ನಾಗಿದ್ದ ಬಲರೆಕ್ಕೆಗೂ ಅಷ್ಟೇ ತೂಕದ ದಬ್ಬೆ ಕಟ್ಟಿ, ಮತ್ತೆ ಗುಡ್ಡ ಹತ್ತಿದೆ.