ಪಾದ್ರಿ ಮನೆಯ ಹೊಗೆದಾರಿಗಳು

ಗಲ್ಫಿನ ಅಲ್ ಮಬೇಲಾದಲ್ಲಿ ಟೈರ್ ಅಂಗಡಿಯ ಮೇಲೆ ನಮ್ಮ ಕಚೇರಿ. ಇಂಗ್ಲೆಂಡಿನ ಹಳೆಯ ಕಟ್ಟಡಗಳ ಅಳತೆ, ಫೋಟೋಗಳು ಬರುತ್ತವೆ; ನಾವು ನಕ್ಷೆ ಮಾಡಿ ಕಳಿಸುತ್ತೇವೆ. ಜೊತೆಗೆ ಹೋಗುವ ವಿವರಣೆ ಬರೆಯುವುದು ನನ್ನ ಕೆಲಸ. ಹೋದ ವರ್ಷ ಈಸ್ಟರ್‌ಗೆ ಮುಂಚೆ ಬಂದದ್ದು ಒಂದು ಹಳ್ಳಿಯ ಪಾದ್ರಿ ಮನೆ. ಅದನ್ನು ನಮ್ಮಲ್ಲಿ ಯಾರೂ ನೋಡಿಲ್ಲ.

ಹದಿನೆಂಟನೇ ಶತಮಾನದ, ಜಾರ್ಜಿಯನ್ ಶೈಲಿಯ ಮನೆ. ಕೆಂಪು ಇಟ್ಟಿಗೆ, ನಡುವೆ ಬಾಗಿಲು, ಎರಡೂ ಬದಿಗೆ ಸರಿಸಮನಾಗಿ ಕಿಟಕಿಗಳು. ಪಕ್ಕದಲ್ಲೊಂದು ಸಣ್ಣ ಬಾಗಿಲು ನೇರವಾಗಿ ಪಾದ್ರಿಯ ಓದುಕೋಣೆಗೆ ತೆರೆಯುತ್ತದೆ: ಮದುವೆ, ಸಾವು ಎಂದು ಬರುವ ಊರವರ ಕೆಸರುಗಾಲು ಮನೆಯೊಳಗೆ ಬೀಳದಿರಲೆಂದು. ಹಿಂಭಾಗದ ಅಡುಗೆಮನೆ ಮುಂದಿನ ಶತಮಾನದ ಸೇರ್ಪಡೆ. ಕೋಣೆಗೊಂದು ಅಗ್ಗಿಷ್ಟಿಕೆ, ಗೋಡೆಯೊಳಗೆ ಅದರ ಹೊಗೆದಾರಿ ಇದ್ದರೂ ಇಷ್ಟು ದೊಡ್ಡ ಮನೆಯನ್ನು ಬೆಚ್ಚಗಿಡಲಾರದೆ ಚರ್ಚ್ ಅದನ್ನು ಮಾರಿತು. ಈಗ ಅಲ್ಲೊಂದು ಸಂಸಾರವಿದೆ.

ನಕ್ಷೆ ಮಾಡಿದವರು ಮೂಲ್ಕಿ ಕಡೆಯ ನಮ್ಮ ಹಿರಿಯ ಡ್ರಾಫ್ಟ್ಸ್‌ಮನ್. ಭಾನುವಾರ ಊರಿನಲ್ಲಿ ಅವರ ಮಗಳ ನಿಶ್ಚಿತಾರ್ಥ. ಗುರುವಾರ ರಾತ್ರಿಯ ವಿಮಾನಕ್ಕೆ ಟಿಕೆಟ್ ಆಗಿತ್ತು. ಇಲ್ಲಿನ ವಿಲ್ಲಾಗಳನ್ನೇ ಬರೆದು ಪಳಗಿದ ಕೈ ಅವರದು. ಗೋಡೆಯೊಳಗೆ ಕೆಳಗಿನಿಂದ ಚಾವಣಿಯವರೆಗೆ ಪೊಳ್ಳು ಕಂಡರೆ ಈ ದೇಶದಲ್ಲಿ ಅದು ಎಸಿ ಪೈಪಿನ ಜಾಗ. ಅದೇ ಅಭ್ಯಾಸದಲ್ಲಿ ಅವರು ಪಾದ್ರಿ ಮನೆಯ ಹೊಗೆದಾರಿಗಳಲ್ಲೆಲ್ಲ ಪೈಪ್ ಎಳೆದು, ಅಗ್ಗಿಷ್ಟಿಕೆಗಳ ಬಾಯಿ ಮುಚ್ಚಿಬಿಟ್ಟಿದ್ದರು. ಬುಧವಾರ ಎಲ್ಲ ಹಾಳೆಗಳೂ ಇಂಗ್ಲೆಂಡಿನಿಂದ ವಾಪಸ್ ಬಂದವು.

ಧಾರವಾಡದವರಾದ ಮ್ಯಾನೇಜರ್ ಬಂದು ಡ್ರಾಫ್ಟ್ಸ್‌ಮನ್ ಮೇಜಿನ ಬಳಿ ನಿಂತರು.

"ಏನ್ರೀ ಸಾಹೇಬ್ರ, ಹೊಗಿ ಹೋಗೋ ದಾರ್ಯಾಗ ಎಸಿ ಇಟ್ಟೀರಲ್ಲ! ಅವ್ರು ಬೆಂಕಿ ಹಚ್ಚಿದ್ರ ನಿಮ್ಮ ಎಸಿ ಸುಟ್ಟ ಹಪ್ಪಳ ಆಗತೈತಿ."

"ಆ ಚಳಿಯ ಊರಲ್ಲಿ ಎಸಿ ಯಾಕೆ ಅಂತ ನನಗೂ ಒಂದ್ಸಲ ಅನಿಸಿತ್ತು ಮಾರಾಯ್ರೆ."

"ಅನಿಸಿದ ಮ್ಯಾಲೆ ಕೇಳಬಾರ್ದೇನ್ರೀ?"

ಗೋಡೆ, ಚಾವಣಿ, ಮನೆಯನ್ನು ಸೀಳಿ ತೋರಿಸುವ ಅಡ್ಡಕೊಯ್ತದ ನಕ್ಷೆ ಎಲ್ಲವೂ ಹೊಗೆದಾರಿಗೆ ಅಂಟಿಕೊಂಡಿದ್ದವು. ಎಲ್ಲವನ್ನೂ ಮತ್ತೆ ಬರೆಯಬೇಕಿತ್ತು, ಅದೂ ಕೂಡಲೇ ಎಂದುಕೊಂಡೆವು. ಬೇರೆಯವರು ಕೈಹಾಕಿದರೆ ಇನ್ನಷ್ಟು ಕೆಡುತ್ತದೆ ಎಂದು ಮ್ಯಾನೇಜರ್ ಹೇಳಿದರು. ಅದು ನಿಜವೂ ಆಗಿತ್ತು.

"ಟಿಕೆಟ್ ಮುಂದಿನ ವಾರಕ್ಕ ಹಾಕಸ್ತೀನಿ. ಖಲಾಸ್. ನಿಶ್ಚಿತಾರ್ಥ ತಪ್ಪಿದ್ರ ಏನಾತು, ಮದುವಿಗಿ ಹೋಗೀರಂತ."

ಅವತ್ತೇ ಸೀಟು ಬಿಟ್ಟುಕೊಟ್ಟದ್ದಾಯಿತು. ಗುರುವಾರ ಮಧ್ಯಾಹ್ನ ಇಂಗ್ಲೆಂಡಿನಿಂದ ಇನ್ನೊಂದು ಮೇಲ್ ಬಂತು: ಈಸ್ಟರ್ ರಜೆ, ಕಚೇರಿ ತೆರೆಯುವುದು ಮಂಗಳವಾರ, ನಕ್ಷೆಗೆ ಅವಸರವಿಲ್ಲ, ಮುಂದಿನ ತಿಂಗಳಾದರೂ ಸರಿ. ಮ್ಯಾನೇಜರ್ ಕೂಡಲೇ ಟ್ರಾವೆಲ್ಸ್‌ಗೆ ಫೋನ್ ಮಾಡಿದರು. ಸೋಮವಾರದವರೆಗೆ ಮಂಗಳೂರಿಗೆ ಸೀಟಿರಲಿಲ್ಲ, ಬೆಂಗಳೂರಿಗೂ ಇರಲಿಲ್ಲ.

ಡ್ರಾಫ್ಟ್ಸ್‌ಮನ್ ಕುಳಿತಲ್ಲಿಂದಲೇ ಹೆಂಡತಿಯ ಅಣ್ಣನಿಗೆ ಫೋನ್ ಮಾಡಿದರು. ಹೆಣ್ಣಿನ ಕಡೆಯ ತಾಂಬೂಲವನ್ನು ನೀವೇ ಕೊಡಬೇಕು ಎಂದು ತುಳುವಿನಲ್ಲಿ ಹೇಳಿದರು. ಆ ಕಡೆಯಿಂದ ಬಹಳ ಹೊತ್ತು ಮಾತು ಬಂತು. ಇವರು ಹ್ಞೂಂ ಎನ್ನುತ್ತ ಕೇಳಿ ಫೋನ್ ಇಟ್ಟರು.

"ಬೀಗರು ಬೇಜಾರು ಮಾಡ್ಕೊಳ್ತಾರಾ?" ಎಂದೆ.

"ಇಲ್ಲ. ಅವರೂ ದುಬೈಯಲ್ಲಿ ಇದ್ದು ಹೋದವರು. ಡ್ಯೂಟಿ ಅಂದ್ರೆ ಅರ್ಥ ಆಗ್ತದೆ."

"ಹುಡುಗ?"

"ಅವನೂ ದುಬೈಯಲ್ಲೇ."

ಭಾನುವಾರ ಇಲ್ಲಿ ಕೆಲಸದ ದಿನವಾದರೂ ಮನೆಯಲ್ಲೇ ಇರಿ ಎಂದು ಮ್ಯಾನೇಜರ್ ಹೇಳಿದ್ದರು. ಅವರು ಎಂದಿನಂತೆ ಕಚೇರಿಗೆ ಬಂದರು.